ಸೌಂಡ್‌ಬಾರಿಗೆ ಬಂದ ಸಂಬಂಧ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನ ನಾಲಿಗೆಯದು. ಯಾರ ದನಿಯನ್ನಾದರೂ ಎರಡು ನಿಮಿಷ ಕೇಳಿದರೆ ಸಾಕು, ಮೂರನೆಯ ನಿಮಿಷಕ್ಕೆ ಅದು ನನ್ನ ಬಾಯಿಂದ ಹೊರಡುತ್ತದೆ. ಬಸ್ಸಿನ ಕಂಡಕ್ಟರ್, ಆಫೀಸಿನ ಮ್ಯಾನೇಜರ್, ಬಿಬವೇವಾಡಿಯ ನಮ್ಮ ಓಣಿಯಲ್ಲಿ ಕೊತ್ತಂಬರಿ ಮಾರುವವಳು, ಯಾರನ್ನೂ ಬಿಟ್ಟಿಲ್ಲ. ಈ ಮರಾಠಿ ಊರಿಗೆ ಬಂದ ಮೇಲೆ ಮರಾಠಿಯನ್ನು ಕಲಿತದ್ದೂ ಹೀಗೇ. ರಾಗ ಪೂರ್ತಿ ಬಂತು, ಅರ್ಥ ಮಾತ್ರ ಅಲ್ಲಲ್ಲಿ ಬಿಟ್ಟುಹೋಯಿತು.

ಅಪ್ಪನನ್ನೂ ಅಣಕಿಸುತ್ತಿದ್ದೆ. ಟಿವಿಯ ಮುಂದೆ ಕೂತರೆ ಅವನು ಪ್ರತಿ ಮಾತಿಗೂ ‘ಏನಂದಾ?’ ಎನ್ನುತ್ತಾನೆ. ನಗೆಯ ಕಾರ್ಯಕ್ರಮದಲ್ಲಿ ಅವ್ವ ನಕ್ಕ ಮೇಲೆ ಒಂದು ಗೇಣು ತಡವಾಗಿ ‘ಹ್ಹೆ ಹ್ಹೆ’ ಎನ್ನುತ್ತಾನೆ. ಆ ತಡವಾದ ನಗುವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುವಾಗಲೇ ನನಗೆ ಹೊಳೆದದ್ದು, ಅವನಿಗೆ ಜೋಕು ಕೇಳಿಸುತ್ತಲೇ ಇಲ್ಲ, ಅವ್ವನ ಮುಖ ನೋಡಿ ನಗುತ್ತಿದ್ದಾನೆ ಎಂದು. ಅಂದಿನಿಂದ ಆ ಐಟಂ ಬಿಟ್ಟೆ. ಕಿವಿಯ ಡಾಕ್ಟರ ಹೆಸರೆತ್ತಿದರೆ, ತನ್ನ ಕಿವಿ ನೆಟ್ಟಗಿದೆ, ಟಿವಿಯ ಗಂಟಲು ಕೆಟ್ಟಿದೆ ಎಂದು ವಾದಿಸಿದ. ಸರಿ, ಗಂಟಲಿಗೇ ಔಷಧ ತರೋಣ ಎಂದು ಹೊರಟೆ.

ನನ್ನ ಮನಸ್ಸು ಹೋಮ್ ಥಿಯೇಟರ್ ರಿಸೀವರಿನ ಮೇಲೆ ಕೂತಿತು. ಐದು ಸ್ಪೀಕರು, ಒಂದು ಗುಡುಗುವ ಸಬ್‌ವೂಫರು. ಅಪ್ಪನಿಗಾಗಿ ಎಂದು ಹೇಳಿಕೊಂಡೆನಾದರೂ, ಐದು ದಿಕ್ಕಿನಿಂದ ನನ್ನದೇ ಮಿಮಿಕ್ರಿ ಕೇಳುವ ಆಸೆ ಒಳಗೆ ಮಗ್ಗುಲು ಬದಲಿಸುತ್ತಿತ್ತು. ರಿಸೀವರ್ ಎಂದರೆ ಫೋನಿನದು ಎಂದುಕೊಂಡ ಅಪ್ಪ, ಎತ್ತಿದ ಮೇಲೆ ಹಲೋ ಅನ್ನಬೇಕೇ ಎಂದು ಕೇಳಿದ. ಅವ್ವ ಪೇಪರಿನಲ್ಲಿದ್ದ ಚಿತ್ರ ನೋಡಿದಳು. ಒಂದು ಸ್ಪೀಕರು ದೇವರ ಜಗಲಿಯ ಪಕ್ಕ, ಇನ್ನೊಂದು ಟ್ರಂಕಿನ ಮೇಲೆ ಎಂದು ನಾನು ಜಾಗ ಹಂಚುತ್ತಿದ್ದರೆ ಸಬ್‌ವೂಫರಿನ ಮೇಲೆ ಬೆರಳಿಟ್ಟು, “ಇದರಾಗ ಎಷ್ಟು ಜ್ವಾಳ ಹಿಡಸ್ತಾವ?” ಎಂದಳು. ಅವಳ ಓಟು ಸೌಂಡ್‌ಬಾರಿಗೆ. ಟಿವಿಯ ಕೆಳಗಿಡುವ ಒಂದೇ ಕೋಲು, ಒಂದೇ ಸಲ ಒರೆಸಿದರೆ ಮುಗಿಯಿತು.

ಎಂಟು ದಿನ ಜಗಳವಾಡಿ ಸೋತು, ಭಾನುವಾರ ಹತ್ತು ಗಂಟೆಗೆ ಸೌಂಡ್‌ಬಾರ್ ತಂದು ತೋರಿಸಲು ಅಂಗಡಿಯವನಿಗೆ ಹೇಳಿ ಬರುತ್ತಿದ್ದೆ. ಕೆಳಗಿನ ಮನೆಯ ಶಿಂದೆ ಕಾಕೂ ಮೆಟ್ಟಿಲ ಹತ್ತಿರ ತಡೆದು, ಮನೆಯಲ್ಲಿ ಏನು ಗದ್ದಲ ಎಂದು ಕೇಳಿದರು. ನಾನು ಅವರದೇ ದನಿಯಲ್ಲಿ, ಅವರ ಹಾಗೆಯೇ ಸೊಂಟಕ್ಕೆ ಕೈಯಿಟ್ಟು, “ಕಾಕೂ, ಯಂದಾ ಬಾರ್ ಉಡವಾಯ್ಚಾ” ಎಂದೆ. ಈ ಸಲ ಬಾರನ್ನು ಧಡಧಡ ಬಾರಿಸಿಬಿಡುತ್ತೇವೆ ಎಂಬುದು ನನ್ನ ಅರ್ಥ. ಮರಾಠಿಯಲ್ಲಿ ಬಾರ್ ಹಾರಿಸುವುದೆಂದರೆ ಮದುವೆ ಮುಗಿಸುವುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಕಾಕೂ ನನ್ನ ಗಲ್ಲ ಸವರಿದಾಗಲಾದರೂ ಅನುಮಾನ ಬರಬೇಕಿತ್ತು.

ಭಾನುವಾರ ಸರಿಯಾಗಿ ಹತ್ತಕ್ಕೆ ಬೆಲ್ಲಾಯಿತು. ನಾನು ಟಿವಿಯ ಹಿಂದೆ ತಲೆ ತೂರಿಸಿ ವೈರು ಬಿಡಿಸುತ್ತಿದ್ದೆ. ಬಿಳಿ ಟೋಪಿಯ ಒಬ್ಬರು, ಇಂದಾಪುರದಲ್ಲಿ ಅಂಗಡಿ ಇಟ್ಟ ಕನ್ನಡದವರೇ, ಬಾರಿನ ಮಾತಿಗೆ ಬಂದೆ ಎಂದರು. ಅಂಗಡಿ ಎಂದದ್ದೇ ಅವ್ವನಿಗೆ ಸಾಕಾಯಿತು. ಚಹಾ ಕೊಟ್ಟು ನೇರ ವಿಷಯಕ್ಕೆ ಬಂದಳು.

“ನಮಗ ಭಾಳ ದೊಡ್ಡದು ಬ್ಯಾಡ್ರಿ. ಮನ್ಯಾಗ ಜಾಗಾ ಇಲ್ಲ.”

ಹುಡುಗಿ ತೆಳ್ಳಗೇ ಇದ್ದಾಳೆ ಎಂದು ಅವರು ಮೆಲ್ಲಗೆ ಹೇಳಿದ್ದು ಅವ್ವನ ಕಿವಿಯಲ್ಲಿ ‘ತೆಳ್ಳಗೈತಿ’ ಎಂದಷ್ಟೇ ಬಿತ್ತು. ಮಾತು ಹೇಗೆ ಎಂದು ಕೇಳಿದಳು. ಬಹಳ ಕಡಿಮೆ ಎಂದರು ಹೆಮ್ಮೆಯಿಂದ.

“ಕಡಿಮಿ ಆದ್ರ ನಡ್ಯಾಂಗಿಲ್ರಿ. ನಮ್ಮ ಮನೆಯವರಿಗೆ ಜೋರು ಬೇಕು.”

ಟೋಪಿಯವರು ಅಪ್ಪನನ್ನು ನೋಡಿದರು. ಹತ್ತಿರ ಸರಿದು, ಜೋರಿನ ಸೊಸೆಯೇ ಬೇಕೆಂದರೆ ಹುಡುಗನಿಗೆ ಕುಡಿಯುವ ಚಟವೇನಾದರೂ ಇದೆಯೇ ಎಂದು ಪಿಸುಗುಟ್ಟಿದರು. ಅಪ್ಪ ಅವರ ಮುಖ ನೋಡಿ, ಒಂದು ಗೇಣು ತಡವಾಗಿ ‘ಹ್ಹೆ ಹ್ಹೆ’ ಎಂದು ನಕ್ಕು, “ಹೌದ್ರಿ, ಹೌದ್ರಿ” ಎಂದ. ಅಷ್ಟರಲ್ಲಿ ಅವ್ವ ಕೊನೆಯ ಷರತ್ತು ಹಾಕಿದಳು.

“ಎಂಟು ದಿನ ಇಟಗೊಂಡು ನೋಡ್ತೀವ್ರಿ. ಮನಸಿಗೆ ಬರಲಿಲ್ಲಂದ್ರ ವಾಪಸ್ ಒಯ್ಯಬೇಕು.”

ತಲೆಯ ತುಂಬ ಜೇಡರ ಬಲೆ ಹೊತ್ತು ನಾನು ಟಿವಿಯ ಹಿಂದಿನಿಂದ ಎದ್ದಾಗ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅರ್ಧ ಚಹಾ ಬಿಟ್ಟು ಚಪ್ಪಲಿ ಮೆಟ್ಟಿದರು. ಅವರು ಹೊರಬೀಳುವಾಗ ಬಾಗಿಲಲ್ಲಿ ಒಬ್ಬ ಉದ್ದನೆಯ ಪೆಟ್ಟಿಗೆ ಹೊತ್ತು ನಿಂತಿದ್ದ. ಅವನೇ ಅಂಗಡಿಯವನು.

ಈ ಸಂಬಂಧ ಕಳಿಸಿ, ಏನಾಯಿತೆಂದು ಹಿಂದೆಯೇ ಹತ್ತಿಬಂದ ಶಿಂದೆ ಕಾಕೂ ಬಾರಿನ ಅರ್ಥವನ್ನು ನನಗೆ ಬಿಡಿಸಿ ಹೇಳುವಷ್ಟರಲ್ಲಿ ಅಂಗಡಿಯವನು ಕೋಲು ಜೋಡಿಸಿ, ಮಾತನ್ನಷ್ಟೇ ಎತ್ತಿ ಕೇಳಿಸುವ ಒಂದು ಬಟನ್ ಒತ್ತಿದ. ಟಿವಿಯಲ್ಲಿ ಯಾರೋ ಏನೋ ಅಂದರು. ಅಪ್ಪ ನಕ್ಕ. ಅವ್ವನಿಗಿಂತ ಮೊದಲು ನಕ್ಕ. ಅವ್ವ ಟಿವಿ ಬಿಟ್ಟು ಅವನನ್ನೇ ನೋಡುತ್ತ ನಿಂತಳು.

ಅಲ್ಲಿಗೆ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಆದರೂ ರಿಸೀವರ್ ಆಗಿದ್ದರೆ ಐದೂ ದಿಕ್ಕಿನಿಂದ ಕೇಳಿಸುತ್ತಿತ್ತು ಎಂದು ಗೊಣಗಿದೆ. ಅಪ್ಪನಿಗೆ ಇದು ಕೇಳಿಸಲಾರದು ಎಂಬ ಧೈರ್ಯ. ಅವನು ಟಿವಿಯಿಂದ ಕಣ್ಣು ಕೀಳದೆ ಹೇಳಿದ:

“ಇದರಾಗ ಮಾತು ತಿಳೀತದಪಾ. ಹಿಂತಾದೊಂದು ಬಟನ್ ನಿನಗೂ ಕೂಡಸ್ತಾರೇನು, ಅವರನ್ನ ಕೇಳು.”