ಹದಿನೈದು ಕೈ

ಹಾಲವ್ವನ ಶ್ಯಾವಿಗೆ ಒಣಗಲಿಲ್ಲ. ಅಜ್ಜಪ್ಪನ ಪೀಕಲಾಟ ಶುರುವಾದದ್ದೇ ಅಲ್ಲಿಂದ.

ಅಜ್ಜಪ್ಪನ ಬಸ್ಸು ದಿನ ಬಿಟ್ಟು ದಿನ ಹಾನಗಲ್ಲಿನಿಂದ ಹಿರೇಕೆರೂರಿಗೆ ಓಡುತ್ತಿತ್ತು. ಉಳಿದ ಹೊತ್ತೆಲ್ಲ ಅಕ್ಕಿಆಲೂರಿನಲ್ಲಿ ಅವನ ಮನೆಯ ಮುಂದೆಯೇ ನಿಂತಿರುತ್ತಿತ್ತು. ಎರಡನೆಯ ಮಹಾಯುದ್ಧದ ಲಡಾಯಿ ನಡೆದ ಕಾಲ, ಪೆಟ್ರೋಲು ಸಿಗದು. ಅದಕ್ಕೆ ಬಸ್ಸಿನ ಬೆನ್ನಿಗೆ ಹಂಡೆಯಂಥದೊಂದು ಇದ್ದಿಲ ಗ್ಯಾಸಿನ ಒಲೆ ಕಟ್ಟಿಸಿದ್ದ. ಅದರ ಹೊಗೆಯನ್ನು ಓಣಿಯವರು ಹೇಗೋ ಸಹಿಸಿಕೊಂಡಿದ್ದರು. ಬಸ್ಸಿನ ನೆರಳನ್ನು ಮಾತ್ರ ಎದುರುಮನೆಯ ಹಾಲವ್ವ ಸಹಿಸಲಿಲ್ಲ. ಹೊರಸಿನ ಮೇಲೆ ಹರವಿದ ಶ್ಯಾವಿಗೆ ಬಿಸಿಲು ಕಾಣದೆ ಮುಗ್ಗಿದ ದಿನ, ಅವಳು ನೆಟ್ಟಗೆ ಸರಕಾರಿ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದಳು.

ವಾರದೊಳಗೆ ಬಸ್ಸಿನ ಗಾಜಿಗೆ ಮುಂಬಯಿ ಸರಕಾರದ ಒಂದು ಮರಾಠಿ ಕಾಗದ ಅಂಟಿಕೊಂಡಿತು. ಓಣಿಯಲ್ಲಿ ಮರಾಠಿ ಬಲ್ಲವರೆಂದರೆ ಪೆನ್ಶನ್ನಿನ ಪ್ರಹ್ಲಾದ ಮಾಸ್ತರರು ಒಬ್ಬರೇ. ಅವರು ಮರಾಠಿಯ ಮುಖ ನೋಡಿಯೂ ನಲವತ್ತು ವರ್ಷವಾಗಿತ್ತು.

"ಮಂದಿ ಇರೋ ಓಣ್ಯಾಗ ಪಂಧರಾ ಹಾತಕ್ಕಿಂತ ದೊಡ್ಡ ಗಾಡಿ ನಿಲ್ಲಸಬಾರದು. ಪಂಧರಾ ಅಂದ್ರ ಹದಿನೈದು. ಹಾತ ಅಂದ್ರ ಕೈ. ಇವತ್ತ ನಾಕಕ್ಕ ಸಾಹೇಬರು ಪರೀಕ್ಷಾಕ್ಕ ಬರ್ತಾರ" ಎಂದು ಮಾಸ್ತರರು ಓದಿ ಹೇಳಿದರು.

"ಹದಿನೈದು ಕೈ ಅಂದ್ರೇನ್ರೀ ಮಾಸ್ತರ?" ಎಂದು ಅಜ್ಜಪ್ಪ ಕೇಳಿದ.

ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು. ಅವರು ಒರೆಸಿ ಮುಗಿಸುವಷ್ಟರಲ್ಲಿ ಓಣಿಗೆ ಅರ್ಥ ಹೊಳೆದಿತ್ತು. ಆ ಬಸ್ಸು ನೂಕಿಸಿಕೊಳ್ಳದೆ ಚಾಲೂ ಆದ ದಿನವೇ ಇರಲಿಲ್ಲ. ಬೆಳಗಾದರೆ ಅಜ್ಜಪ್ಪ "ಕೈ ಹಚ್ಚರ್ರೆಪಾ" ಎಂದು ಕೂಗುವುದು, ಮಂದಿ ಬಂದು ಕೈ ಹಚ್ಚುವುದು ವಾಡಿಕೆಯಾಗಿತ್ತು.

"ತಿಳೀಲಿಲ್ಲೇನು? ಹದಿನೈದು ಕೈ ನೂಕಿದ್ರ ಗಾಡಿ ಸರೀಬೇಕು. ಸರೀಲಿಲ್ಲಂದ್ರ ಅದು ದೊಡ್ಡದು, ಓಣಿ ಬಿಡಬೇಕು. ಸರಕಾರದವರು ಛಲೋ ಕಾಯಿದೆ ಮಾಡ್ಯಾರ" ಎಂದಳು ಹಾಲವ್ವ.

ಅಜ್ಜಪ್ಪ ಬಸ್ಸಿನ ಟೈರುಗಳ ಕಡೆ ನೋಡಿದ. ಓಣಿ ಬಿಟ್ಟರೆ ಬಸ್ಸು ನಿಲ್ಲಿಸಲು ಇದ್ದದ್ದು ಊರ ಹೊರಗಿನ ಕೆರೆಯಂಗಳ. ಹೋದ ತಿಂಗಳು ಅಲ್ಲಿ ನಿಲ್ಲಿಸಿದ್ದ ತಡಸದವರ ಲಾರಿ ಬೆಳಗಾಗುವುದರೊಳಗೆ ನಾಲ್ಕೂ ಟೈರು ಕಳೆದುಕೊಂಡು ಕಲ್ಲಿನ ಮೇಲೆ ಕುಳಿತಿತ್ತು. ಹೊಸ ಟೈರು ದುಡ್ಡು ಕೊಟ್ಟರೂ ಸಿಗದ ದಿನಗಳವು. ಟೈರು ಹೋದರೆ ಬಸ್ಸು ಹೋಯಿತು, ಬಸ್ಸು ಹೋದರೆ ಮನೆಯ ಐದು ಹೊಟ್ಟೆಯ ರೊಟ್ಟಿ ಹೋಯಿತು.

ಒಮ್ಮೆ ನೂಕಿ ನೋಡಿಯೇ ಬಿಡೋಣವೆಂದು ಏಳು ಮಂದಿ ಕೂಡಿದರು. ಹದಿನಾಲ್ಕು ಕೈ ಆದವು. ಹದಿನೈದನೆಯದಕ್ಕೆ ಪೈಲವಾನ ಗುದ್ಲೆಪ್ಪನನ್ನು ಕರೆತಂದರು.

"ಗುದ್ಲೆಪ್ಪಾ, ಎಡಗೈ ಬೆನ್ನ ಹಿಂದ ಇಟಗೋ!" ಎಂದು ಹಾಲವ್ವ ಕಟ್ಟೆಯ ಮೇಲಿಂದ ಕೂಗಿದಳು.

"ಇಟಗೊಂಡೇನಿ ಬೇ. ತಲಿ ಹಚ್ಚಬಹುದೋ ಇಲ್ಲೋ?"

"ಹುಕುಮಿನ್ಯಾಗ ತಲಿ ಬರದಿಲ್ಲ. ಮತ್ತ ಇಳಿಜಾರಿಗೆ ನೂಕಬ್ಯಾಡ್ರಿ, ಇಳಿಜಾರಿಗೆ ಕಲ್ಲೂ ಉರುಳ್ತೈತಿ. ಏರಿಗೆ ನೂಕ್ರಿ."

ಏರಿಗೆ ನೂಕಿದರು. ಬಸ್ಸು ಮೊಂಡ ಎಮ್ಮೆಯಂತೆ ನಿಂತೇ ಇತ್ತು. ಮೇಸ್ತ್ರಿ ಬಂದೇಸಾಬ ಅದನ್ನು ಸುತ್ತು ಹಾಕಿ, "ಭಾರ ಇಳಸ್ರಿ" ಎಂದ. ಸೀಟುಗಳನ್ನು ಕಿತ್ತು ಮನೆಯೊಳಗೆ ಒಟ್ಟಿದರು. ಬಸ್ಸು ಸರಿಯಲಿಲ್ಲ. ಗ್ಯಾಸಿನ ಒಲೆ ಬಿಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಬಸ್ಸು ಗೇಣುದ್ದ ಸರಿದು, ಎರಡು ಗೇಣು ಹಿಂದಕ್ಕೆ ಬಂತು. ಅಜ್ಜಪ್ಪ ಘಳಿಗೆಗೊಮ್ಮೆ ಹೊತ್ತು ನೋಡುತ್ತಿದ್ದ, ಬೆವರು ಒರೆಸುತ್ತಿದ್ದ. ಊಟದ ನೆನಪೂ ಅವನಿಗಿರಲಿಲ್ಲ.

"ಇನ್ನ ಉಳಿದದ್ದು ಇಂಜಿನ್ ಒಂದ" ಎಂದ ಬಂದೇಸಾಬ.

"ಅದು ಬಸ್ಸಿನ ಜೀವ ಅಲ್ಲೋ ಮಾರಾಯಾ!"

"ಒಂದ ತಾಸು ಜೀವ ನನ್ನ ಹಂತ್ಯಾಕ ಇರ್ಲಿ. ಸಾಹೇಬ್ರು ಹ್ವಾದ ಮ್ಯಾಲ ಕೂಡಸ್ತೇನಿ."

ಅಜ್ಜಪ್ಪನ ಹೆಂಡತಿ ಸರೋಜವ್ವ ಬಾಗಿಲಲ್ಲೇ ನಿಂತು, "ಬ್ಯಾಡ್ರಿ, ಸಾಹೇಬ್ರನ್ನ ಒಂದ ಮಾತು ಕೇಳಿ ನೋಡ್ರಿ" ಎಂದಳು. ಹೆಂಡತಿಯ ಮಾತು ಕೇಳುವ ಹೊತ್ತು ಅದಾಗಿರಲಿಲ್ಲ. ಸರಪಳಿ ಕಟ್ಟಿ ಇಂಜಿನ್ನನ್ನು ಮೇಲೆತ್ತಿ, ಚಕ್ಕಡಿಯಲ್ಲಿ ಹೇರಿ ಬಂದೇಸಾಬನ ಅಂಗಡಿಗೆ ಕಳಿಸಿದರು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಹದಿನೈದು ಕೈ ಮತ್ತೆ ಹತ್ತಿದವು. ಬಸ್ಸು ಏರಿನಲ್ಲಿ ಸರಸರ ಸರಿಯಿತು. ಅಜ್ಜಪ್ಪ ಗುದ್ಲೆಪ್ಪನನ್ನು ತಬ್ಬಿಕೊಂಡು ಅತ್ತೇ ಬಿಟ್ಟ.

ಸರಿಯಾಗಿ ನಾಲ್ಕಕ್ಕೆ ಶ್ರೀಪಾದರಾಯರೆಂಬ ಸಾಹೇಬರು ಟಾಂಗಾದಿಂದ ಇಳಿದರು. ಎಂಟು ಜನ ಬಸ್ಸಿಗೆ ಆತು ನಿಂತಿದ್ದರು, ಎಂಟನೆಯವನ ಒಂದು ಕೈ ಬೆನ್ನ ಹಿಂದಿತ್ತು.

"ಏನಿದು?"

"ಪಂಧರಾ ಹಾತ ತಯಾರ್ ಅದಾವ್ರಿ ಸಾಹೇಬ್ರ. ಹೂಂ ಅನ್ರಿ, ನೂಕ್ತೇವಿ" ಎಂದ ಅಜ್ಜಪ್ಪ.

ಸಂಗತಿ ತಿಳಿದ ಸಾಹೇಬರು ಪಕ್ಕೆ ಹಿಡಿದುಕೊಂಡು ನಕ್ಕರು. "ಹಾತ ಅಂದ್ರ ಮೊಳಾರೀ! ನಾ ಉದ್ದ ಅಳೀಲಿಕ್ಕೆ ಬಂದೇನಿ."

ಮಾಸ್ತರರು ಸದ್ದಿಲ್ಲದೆ ಮನೆಯ ಕಡೆ ನಡೆದರು. ಟೇಪು ಹಿಡಿದು ಅಳೆದಾಗ ಬಸ್ಸು ಹದಿಮೂರು ಮೊಳವಿತ್ತು. ಒಲೆ ಇದ್ದಿದ್ದರೂ ಹದಿನಾಲ್ಕು ದಾಟುತ್ತಿರಲಿಲ್ಲ. ಬೆಳಗಿನಿಂದ ಸತ್ತದ್ದೆಲ್ಲ ದಂಡವಾಯಿತಲ್ಲ ಎಂದು ಅಜ್ಜಪ್ಪನಿಗೆ ಅಳು ಬಂತು, ಬಸ್ಸು ಉಳಿಯಿತಲ್ಲ ಎಂದು ನಗುವೂ ಬಂತು.

"ಆರಾಮ ನಿಲ್ಲಸ್ರಿ. ಇಂಜಿನ್ ನಂಬರ್ ಒಂದು ಬರಕೊಂಡು ಹೋಗ್ತೇನಿ" ಎಂದು ಸಾಹೇಬರು ಬಸ್ಸಿನ ಮುಂಭಾಗದ ಮುಚ್ಚಳ ಎತ್ತಿಸಿದರು. ಅಲ್ಲಿ ಒಂದು ಕೋಳಿ ಸಂಸಾರ ಹೂಡುವಷ್ಟು ಜಾಗ ಖಾಲಿಯಿತ್ತು.

"ಇಂಜಿನ್ ಇಲ್ಲಂದ್ರ ಇದು ಮೋಟಾರ್ ಹೆಂಗಾತು?"

"ನಾಳಿ ಕೂಡಸ್ತೇವ್ರಿ" ಎಂದ ಬಂದೇಸಾಬ.

"ನಾಳಿಂದು ನಾಳಿಗೆ. ಇವತ್ತು ಇದೇನದ?" ಎನ್ನುತ್ತ ಸಾಹೇಬರು ಒಳಗೆ ಹತ್ತಿದರು. ಸೀಟಿಲ್ಲದ ನೆಲದ ಮೇಲೆ ಆಚೀಚೆ ನಡೆದರು. ಮೇಲಿನ ತಗಡು ಬಡಿದು ನೋಡಿದರು, ಕಿಟಕಿ ಮುಚ್ಚಿ ನೋಡಿದರು. ಕೆಳಗಿಳಿದಾಗ ಅವರ ಮುಖ ಅರಳಿತ್ತು.

"ಖಾಲಿ ಖೋಲಿ ಅದ! ರೇಷನ್ ಅಂಗಡಿಗೆ ಅಂತ ಎಂಟು ದಿನದಿಂದ ಈ ಊರಾಗ ಖೋಲಿ ಹುಡುಕ್ಲಿಕ್ಕೆ ಹತ್ತೇನಿ, ಒಬ್ಬರೂ ಕೊಡವಲ್ರು. ಇದು ನೆಲಕ್ಕ ಹತ್ತಿಲ್ಲ, ಇಲಿ ಬರೂದಿಲ್ಲ. ಲಡಾಯಿ ಕಾಯಿದೆ ಪ್ರಕಾರ ಸರಕಾರ ತಗೊಂಡದ."

"ಸಾಹೇಬ್ರ, ನನ್ನ ಹೊಟ್ಟಿ ಮ್ಯಾಲ ಕಲ್ಲು ಹಾಕಬ್ಯಾಡ್ರಿ!" ಎಂದು ಅಜ್ಜಪ್ಪ ಕೈ ಮುಗಿದ.

"ಓಣ್ಯಾಗ ನಿಲ್ಲಬೇಕು ಅಂತ ತಾನ ನೀವು ಇಷ್ಟು ಒದ್ದಾಡಿದ್ದು? ನಿಲ್ಲಲಿ. ಲಡಾಯಿ ಮುಗಿಯೂತನಕಾ ಇದನ್ನ ಯಾರೂ ಅಲುಗಾಡಸೂಹಂಗಿಲ್ಲ. ಟೈರಿಗೆ ಪೋಲೀಸ್ ಕಾವಲು ಹಾಕಸ್ತೇನಿ, ಆತಿಲ್ಲೋ?"

ಸಿಪಾಯಿ ಬಾಗಿಲಿಗೆ ಬೀಗ ಜಡಿದು ಅರಗಿನ ಮುದ್ರೆ ಒತ್ತಿದ. ಟಾಂಗಾ ಓಣಿಯ ತಿರುವು ದಾಟಿತೋ ಇಲ್ಲವೋ, ಹಾಲವ್ವ ಚೀಲ ಹಿಡಿದು ಬಂದು ಬಾಗಿಲ ಮುಂದೆ ಮೊದಲಿಗಳಾಗಿ ನಿಂತಳು. "ಅಜ್ಜಪ್ಪಾ, ಜ್ವಾಳ ಯಾವಾಗ ಕೊಡ್ತಾರೋ?" ಅವಳ ಹಿಂದೆ ಬೆಳಗಿನಿಂದ ಕೈ ಹಚ್ಚಿದವರೆಲ್ಲ ಬಂದು ಪಾಳಿ ಹಚ್ಚಿದರು. ತನ್ನ ಬಸ್ಸಿನ ಬಾಗಿಲಿಗೆ ಇಷ್ಟು ಮಂದಿ ಮುಗಿಬಿದ್ದದ್ದನ್ನು ಅಜ್ಜಪ್ಪ ಸಂತೆಯ ದಿನವೂ ಕಂಡಿರಲಿಲ್ಲ.