ಎಲ್ಲರಿಗೂ ಬೇಕಾದ ಎರಡನೆಯವನು

ನನಗೆ ಯಾರಿಗೂ ‘ಇಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಇದನ್ನು ನಾನು ಸೌಜನ್ಯವೆಂದು ತಿಳಿದಿದ್ದೆ. ನನ್ನ ಹೆಂಡತಿ ಸುಮಿತ್ರಾ ಇದಕ್ಕೆ ಬೇರೆ ಹೆಸರಿಟ್ಟಿದ್ದಳು. ಯಾರದು ಸರಿ ಎಂಬುದು ಎಂಬತ್ತರ ದಶಕದ ಒಂದು ಭಾನುವಾರ, ಅಮೆರಿಕದ ಕ್ಯಾಂಪ್‌ಬೆಲ್‌ನ ಶಾಲೆಯೊಂದರ ಸಭಾಂಗಣದಲ್ಲಿ, ನಮ್ಮ ಕನ್ನಡ ಸಂಘದ ಚುನಾವಣೆಯಲ್ಲಿ ತೀರ್ಮಾನವಾಯಿತು.

ಅಧ್ಯಕ್ಷಗಿರಿಗೆ ನಿಂತವರು ಮೂವರು: ಹುಬ್ಬಳ್ಳಿಯ ಕುಲಕರ್ಣಿಯವರು, ಬೆಂಗಳೂರಿನ ಶಾಂತಕ್ಕ ಮತ್ತು ನಾನು. ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾದ ನನ್ನನ್ನು ದಿನವೂ ಆಫೀಸಿಗೆ ಹೊತ್ತೊಯ್ಯುವ ಪುಣ್ಯಾತ್ಮರು ಕುಲಕರ್ಣಿ. ಸಂಜೆಯವರೆಗೆ ನಮ್ಮ ಮಗಳನ್ನು ನೋಡಿಕೊಳ್ಳುವ ಮಹಾತಾಯಿ ಶಾಂತಕ್ಕ. ಇಬ್ಬರಲ್ಲಿ ಯಾರು ಮುನಿಸಿಕೊಂಡರೂ ನನ್ನ ಸಂಸಾರ ನಡೆಯದು. ಆದರೂ ಅಧ್ಯಕ್ಷನಾಗುವ ಚಪಲ ಬಿಡಬೇಕಲ್ಲ! ಅದಕ್ಕೇ ನಾನೊಂದು ಉಪಾಯ ಸೂಚಿಸಿದೆ. ಊರಲ್ಲಿ ಪದವೀಧರ ಕ್ಷೇತ್ರಕ್ಕೆ ಹಾಕುವ ಹಾಗೆ ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಬರೆಯೋಣ. ಅರ್ಧಕ್ಕಿಂತ ಹೆಚ್ಚು ‘ಒಂದು’ ಯಾರಿಗೂ ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಚೀಟಿಗಳಲ್ಲಿ ‘ಎರಡು’ ಯಾರಿಗಿದೆಯೋ ಅವರಿಗೆ ಆ ಮತ ಸೇರಿಸೋಣ. ಎಲ್ಲರೂ ಹೂಂ ಎಂದರು.

ಮನೆಮನೆಗೆ ಹೋಗಿ ಕಾಫಿ ಕುಡಿದು, “ಒಂದನ್ನ ನಿಮ್ಮವರಿಗೇ ಹಾಕಿ, ಎರಡು ಮಾತ್ರ ನನಗಿರಲಿ” ಎಂದೆ. ಯಾರೂ ಇಷ್ಟು ಕಡಿಮೆ ಬೇಡಿರಲಿಲ್ಲವೆಂದು ಕಾಣುತ್ತದೆ, ಚಕ್ಕುಲಿಯನ್ನೂ ಕೊಟ್ಟರು. ಫ್ರೀವೇ ಮೇಲೆ ಕುಲಕರ್ಣಿಯವರಿಗೆ, “ನನ್ನ ಎರಡನೇದು ನಿಮಗೇ” ಎಂದು ಮಾತು ಕೊಟ್ಟೆ. ಸಂಜೆ ಮಗಳನ್ನು ಕರೆತರಲು ಹೋದಾಗ ಶಾಂತಕ್ಕನಿಗೂ ಅದೇ ಮಾತು ಕೊಟ್ಟೆ. ಗುಪ್ತ ಮತದಾನ ತಾನೇ, ಯಾರಿಗೆ ಗೊತ್ತಾಗಬೇಕು?

ಎಣಿಕೆಗೆ ಕೂತ ಡಾಕ್ಟರು ಓದಿದರು: ಕುಲಕರ್ಣಿ ಇಪ್ಪತ್ತು, ಶಾಂತಕ್ಕ ಇಪ್ಪತ್ತು, ನಾನು ಒಂದು. ಬರೀ ಒಂದು! “ಹಾಗಾದ್ರೆ ಇವರನ್ನ ಬಿಟ್ವಿ. ಈ ಚೀಟೀಲಿ ಎರಡು ಯಾರಿಗಿದೆಯೋ ಅವರೇ ಅಧ್ಯಕ್ಷರು” ಎಂದು ಅವರು ಕನ್ನಡಕ ಏರಿಸಿಕೊಂಡರು. ಇಡೀ ಸಭೆ ನನ್ನತ್ತ ತಿರುಗಿತು. ಆ ಚೀಟಿ ಯಾರದೆಂದು ಹೇಳಲು ಜ್ಯೋತಿಷಿ ಬೇಕಿರಲಿಲ್ಲ. ಡಾಕ್ಟರು ಚೀಟಿ ಓದಿದರು:

“ಶಾಂತಕ್ಕ!”

ಚಪ್ಪಾಳೆಯ ನಡುವೆ ನಾನು ತೊದಲಿದೆ: “ಅದು... ಅದು ನಮ್ಮ ಸುಮಿತ್ರಾಂದು ಇರ್ಬೇಕು.”

“ಅಯ್ಯೋ, ನಾನ್ಯಾಕ್ರೀ ನಿಮಗೆ ಒಂದು ಹಾಕ್ಲಿ?” ಎಂದಳು ಸುಮಿತ್ರಾ, ಎಲ್ಲರಿಗೂ ಕೇಳುವಂತೆ. “ಎರಡು ಸಾಕು ಅಂತ ನೀವೇ ತಾನೆ ಹೇಳ್ಕೊಂಡು ತಿರುಗಿದ್ದು?”

ಕುಲಕರ್ಣಿಯವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. “ನಾ ಮಾತ್ರ ನಿಮಗ ಎರಡು ಹಾಕೀನ್ರಿ. ಬೇಕಾದ್ರ ನೋಡ್ಕೋರಿ” ಎಂದರು.

ಡಾಕ್ಟರಿಗೆ ಕುತೂಹಲ ಹುಟ್ಟಿ ಚೀಟಿಗಳನ್ನೆಲ್ಲ ತಿರುವಿ ಹಾಕಿದರು. ನಲವತ್ತರಲ್ಲೂ ನನ್ನ ಹೆಸರಿನ ಮುಂದೆ ಅಚ್ಚುಕಟ್ಟಾಗಿ ‘ಎರಡು’! ಒಬ್ಬರೂ ನನಗೆ ಕೊಟ್ಟ ಮಾತಿಗೆ ತಪ್ಪಿರಲಿಲ್ಲ. ತಪ್ಪಿದವನು ಸೋಮವಾರದಿಂದ ಬಸ್ಸಿನಲ್ಲಿ ಆಫೀಸಿಗೆ ಹೋಗತೊಡಗಿದ.