ರೊಟ್ಟಿಯ ಸಪ್ಪಳಕ್ಕೊಂದು ಒಪ್ಪಿಗೆ ಪತ್ರ

ನನ್ನ ಕಿವಿ ಬಹಳ ಸೂಕ್ಷ್ಮ ಎಂದು ಹೇಳಿಕೊಂಡೇ ನಾನು ಚಿಕ್ಕೋಡಿಯಲ್ಲಿ ಇಷ್ಟು ವರ್ಷ ಹೊಟ್ಟೆ ಹೊರೆದಿದ್ದೇನೆ. ಮನೆಯ ಮುಂದಿನ ಕೋಣೆಗೆ ಸ್ಟುಡಿಯೊ ಎಂದು ಬೋರ್ಡು ಹಾಕಿದವನು ಇನ್ನೇನು ತಾನೇ ಹೇಳಿಕೊಳ್ಳಬೇಕು? ಸುತ್ತಲಿನ ಜಾನಪದ ಹಾಡುಗಳಿಗೆ ಸಂಗೀತ ಕೂಡಿಸುವುದು ನನ್ನ ಕೆಲಸ. ಕೂಡಿಸುವುದೆಂದರೆ, ನೆಟ್ಟಿನಲ್ಲಿ ಎಲ್ಲೋ ಸಿಕ್ಕ ಡೋಲಕಿ, ಇನ್ನೆಲ್ಲೋ ಸಿಕ್ಕ ಹಲಗಿ ಕತ್ತರಿಸಿ ತಂದು ಅಂಟಿಸುವುದು. ಅದು ಪರರ ಸೊತ್ತೆಂದು ನನಗೆ ಅನ್ನಿಸಿದ್ದೇ ಇಲ್ಲ. ನನ್ನ ಹಾಡನ್ನು ಯಾರಾದರೂ ಎತ್ತಿಕೊಂಡರೆ ಮಾತ್ರ ಮೈ ಉರಿಯುತ್ತದೆ. ಅದಕ್ಕೆಂದೇ ಪ್ರತಿ ಹಾಡಿನ ನಡುವೆ ನನ್ನ ಹೆಸರನ್ನು ನಾನೇ ಕೂಗಿಟ್ಟಿರುತ್ತೇನೆ.

ಹೋದ ಸಲ ಕದ್ದ ಡೋಲಕಿ ಸಿಕ್ಕಿಬಿದ್ದು, ಹಾಡನ್ನು ನೆಟ್ಟಿನಿಂದಲೇ ತೆಗೆದುಹಾಕಿದರು. ಅದನ್ನು ಹಾಡಿದ್ದ ಉಗಾರದ ಗಾಯಕಿ, "ಇನ್ನೊಂದ ಸಲ ಹಿಂಗಾದ್ರ ನಾ ಕೊಲ್ಲಾಪುರದ ಸ್ಟುಡಿಯೊಕ್ಕ ಹೊಕ್ಕೇನ್ರಿ ಸರ್" ಎಂದಳು. ನನ್ನಲ್ಲಿಗೆ ಬರುವ ಒಳ್ಳೆಯ ದನಿ ಅವಳದೊಂದೇ. ಹೀಗಾಗಿ ಈ ಬಾರಿ ನಾನೇ ಸಪ್ಪಳ ಹಿಡಿಯಲು ಹೊರಟೆ. ಹಿತ್ತಲಿನಾಚೆ, ಓಣಿಗೆಲ್ಲ ಚಿಕ್ಕಮ್ಮನಂತಿರುವ ಗಂಗವ್ವ ಮೌಶಿಯ ಅಡುಗೆಮನೆ. ಹಿತ್ತಲ ಕಿಟಕಿಯಲ್ಲಿ ಮೈಕಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ರೊಟ್ಟಿ ಬಡಿಯುವ ತಾಳ ದಾಖಲಾಗಿತ್ತು. ಎಂಥ ತಾಳ ಅದು! ಕೇಳುತ್ತ ಮೈ ಜುಮ್ಮೆಂದಿತು. ಹಾಡಿಗೆ ಕೂಡಿಸಿ ಕಳಿಸಿದೆ. ಹಾಡು ಹಂಚುವ ಕಂಪನಿಯವರು ಮಾತ್ರ, ಈ ಸಪ್ಪಳ ಯಾರದೋ ಅವರ ಒಪ್ಪಿಗೆ ಪತ್ರ ತರಬೇಕೆಂದರು.

ಅವರು ಕಳಿಸಿದ ಪತ್ರ ಹಿಡಿದು ಹೋಗಿ, "ಮೌಶಿ, ನಿಮ್ಮ ರೊಟ್ಟಿ ಸಪ್ಪಳದ್ದ ಒಂದ ಸ್ಯಾಂಪಲ್ ತಗೊಂಡೇನ್ರಿ" ಎಂದೆ.

"ಸ್ಯಾಂಪಲ್ ಅಂದ್ರ? ನಮ್ಮ ತವರಮನಿ ಅಥಣ್ಯಾಗ ದ್ರಾಕ್ಷಿ ವ್ಯಾಪಾರದವ್ರು ಒಂದ ಗೊನಿ ಹರಕೊಂಡ ಹೊಕ್ಕಾರಲ್ಲ, ಹಂಗನ?"

"ಹೌದ್ರಿ, ಹಂಗ."

"ಅವ್ರ ಮೊದಲ ಕೇಳಿ ಹರಕೋತಾರಪಾ."

ನಾನು ಹೆಡ್‌ಫೋನನ್ನು ಮೌಶಿಯ ಕಿವಿಗೆ ಹಚ್ಚಿದೆ. ಅವರು ಕಣ್ಣು ಮುಚ್ಚಿ ಕೇಳಿ ತಲೆಯಾಡಿಸಿದರು.

"ಇದ ನನ್ನ ಕೈ ಅಲ್ಲೋ ತಮ್ಮಾ. ನನ್ನ ಕೈಯಾಗ ಡಜನ್ ಬಳಿ ಅದಾವು, ಇಕಿ ಕೈಯಾಗ ಎರಡ. ಹಿಟ್ಟ ಚಲೋ ನಾದ್ಯಾಳ. ಆದ್ರ ತೋರಬೆರಳ ಎತ್ತಿ ಬಡಿಯಾಕತ್ತಾಳ ನೋಡ, ಬೆರಳಿಗೆ ಪೆಟ್ಟಾಗೇತಿ." ಆಮೇಲೆ ಕಣ್ಣು ತೆರೆದು ನಕ್ಕರು. "ನಿನ್ನ ಹೇಣ್ತಿ ಕೈ ಅಲ್ಲೇನೋ ಇದು!"

ಬೆರಗಾಗಿ ನಿಂತುಬಿಟ್ಟೆ. ನನ್ನ ಯಾವ ಯಂತ್ರವೂ ಒಂದು ಸಪ್ಪಳದಲ್ಲಿ ಇಷ್ಟು ಕೇಳಿಸಿಕೊಂಡದ್ದಿಲ್ಲ. ಆ ಮುದುಕಿಗೆ ಕೈಮುಗಿಯಬೇಕೆನಿಸಿತು. ಮೈಕಿನ ಬೆನ್ನಿಗೇ ನಮ್ಮ ಅಡುಗೆಮನೆಯೂ ಇತ್ತಲ್ಲ!

ಮನೆಗೆ ಬಂದು ನೋಡಿದರೆ ಹೆಂಡತಿ ಸುಜಾತಾಳ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಈಳಿಗೆ ತಾಗಿ ನಾಲ್ಕು ದಿನವಾಗಿತ್ತಂತೆ. ಆ ನಾಲ್ಕು ದಿನವೂ ಆ ಕೈಯ ರೊಟ್ಟಿ ತಿನ್ನುತ್ತ, ಆ ತಾಳವನ್ನು ಅವಳಿಗೇ ಕೇಳಿಸಿ, "ಮೌಶಿ ಕೈಯಾಗ ಏನ ಜಾದೂ ಐತಿ!" ಎಂದು ಕೊಂಡಾಡಿದ್ದೆ. ನಾಚಿಕೆಯಿಂದ ಹಿಡಿಯಾದೆ.

"ನಿಂಗ ಗೊತ್ತಿತ್ತೇನ?"

"ಗೊತ್ತಿತ್ತರಿ. ನೀವ ಯಾವಾಗ ಗುರ್ತ ಹಿಡಿತೀರಿ ಅಂತ ನೋಡಾಕತ್ತಿದ್ದೆ."

ಬಿ.ಎ. ಓದಿದವಳು ಪತ್ರವನ್ನು ಒಂದಕ್ಷರ ಬಿಡದೆ ಓದಿದಳು. "ಸಹಿ ಮಾಡಾಕ ಬೆರಳ ನೋಯ್ತೈತಿ. ಹೆಬ್ಬಟ್ಟ ಒತ್ತಲೇನ್ರಿ?" ಎಂದು ಒತ್ತಿಯೇಬಿಟ್ಟಳು.

ಅದರ ಕೆಳಗೆ ಇನ್ನೊಂದು ಸಾಲಿತ್ತು: 'ಧ್ವನಿಯನ್ನು ಗುರುತಿಸಿದ ಸಾಕ್ಷಿಯ ಸಹಿ'. ಪೆನ್ನು ತೆರೆದವನು ಮತ್ತೆ ಮುಚ್ಚಿ, ಗಂಗವ್ವ ಮೌಶಿಯ ಮನೆಗೆ ಹೊರಟೆ.